ಯಾವ ವಿಕ್ರಾಂತ್? ಯಾವ ಮೈಸೂರು?

ಪ್ರಶ್ನೆ: 1971ರ ಯುದ್ಧದಲ್ಲಿ ಐಎನ್‌ಎಸ್ ವಿಕ್ರಾಂತ್ ಹೋರಾಡಿತು ಅಂತ ಓದಿದ್ದೇನೆ. 2022ರಲ್ಲಿ ವಿಕ್ರಾಂತ್ ನೌಕಾಪಡೆಗೆ ಸೇರಿತು ಅಂತಲೂ ಓದಿದ್ದೇನೆ. ಐಎನ್‌ಎಸ್ ಮೈಸೂರು ಒಂದು ಕಡೆ ಕ್ರೂಸರ್ ಅಂತಿದೆ, ಇನ್ನೊಂದು ಕಡೆ ಡಿಸ್ಟ್ರಾಯರ್ ಅಂತಿದೆ. ಇವು ಒಂದೇ ಹಡಗೋ, ಬೇರೆ ಬೇರೆಯೋ? ಬೇರೆಯಾಗಿದ್ದರೆ ಹಳೇ ಹೆಸರನ್ನೇ ಯಾಕೆ ಇಡುತ್ತಾರೆ? ಓದುವಾಗ ಯಾವುದು ಯಾವುದು ಅಂತ ಹೇಗೆ ಗುರುತು ಹಿಡಿಯುವುದು?

ಉತ್ತರ: ಬೇರೆ ಬೇರೆ ಹಡಗುಗಳು. ನಿಮಗೆ ಗೊಂದಲ ಆಗಿದ್ದು ಸಹಜ. ಯುದ್ಧನೌಕೆಗಳ ವಿಷಯದಲ್ಲಿ ಹಡಗಿನ ಕಥೆ ಬೇರೆ, ಹೆಸರಿನ ಕಥೆ ಬೇರೆ. ಹಡಗಿಗೆ ವಯಸ್ಸಾಗಿ ಗುಜರಿಗೆ ಹೋಗುತ್ತದೆ, ಇಲ್ಲವೇ ಯುದ್ಧದಲ್ಲಿ ಮುಳುಗುತ್ತದೆ. ಹೆಸರು ಮಾತ್ರ ಉಳಿದುಕೊಂಡು ಮುಂದೊಂದು ದಿನ ಇನ್ನೊಂದು ಹಡಗಿಗೆ ಹೋಗುತ್ತದೆ. ಹಾಗೇ ಒಂದೇ ಹಡಗು ಕೈ ಬದಲಾದಾಗ ಹೆಸರೂ ಬದಲಾಗುತ್ತದೆ. ಈ ಎರಡು ಎಳೆಗಳನ್ನು ಬಿಡಿಸಿ ಇಟ್ಟುಕೊಂಡರೆ ಗೊಂದಲ ಬಹುಪಾಲು ಕಡಿಮೆಯಾಗುತ್ತದೆ.

ವಿಕ್ರಾಂತ್‌ನಿಂದಲೇ ಶುರು ಮಾಡೋಣ. ಮೊದಲನೆಯ ವಿಕ್ರಾಂತ್ ಹುಟ್ಟುವಾಗ ವಿಕ್ರಾಂತ್ ಆಗಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ ಕಟ್ಟಲು ಶುರು ಮಾಡಿದ ‘ಹರ್ಕ್ಯುಲಿಸ್’ ಅದು. 1945ರಲ್ಲಿ ನೀರಿಗಿಳಿಯಿತು. ಅಷ್ಟರಲ್ಲಿ ಯುದ್ಧ ಮುಗಿದು ಕೆಲಸ ಅರ್ಧಕ್ಕೇ ನಿಂತಿತು. ಭಾರತ ಅದನ್ನು ಕೊಂಡು, ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ವಿಕ್ರಾಂತ್ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಇದ್ದದ್ದು ಈ ಹಡಗು. ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ ಸೀ ಹಾಕ್ ಮತ್ತು ಅಲಿಜೆ ವಿಮಾನಗಳು ಹಾರಿದ್ದು ಇದರ ಡೆಕ್‌ನಿಂದ. 1997ರಲ್ಲಿ ನಿವೃತ್ತಿಯಾಯಿತು. ಕೆಲವು ವರ್ಷ ಮುಂಬೈನಲ್ಲಿ ಮ್ಯೂಸಿಯಂ ಆಗಿತ್ತು. ನಂತರ ಗುಜರಿಗೆ ಹೋಯಿತು.

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಪೂರ್ತಿ ಹೊಸದು. ಭಾರತದಲ್ಲೇ ಕಟ್ಟಿದ ಮೊದಲ ವಿಮಾನವಾಹಕ ಹಡಗು. ಹಳೆಯದು ಸುಮಾರು 19,500 ಟನ್ ಇತ್ತು, ಹೊಸದು ಸುಮಾರು 45,000 ಟನ್. ಹಳೆಯದರ ಕಬ್ಬಿಣದ ಒಂದು ಹಾಳೆಯೂ ಇದರಲ್ಲಿಲ್ಲ. ಆದರೂ ಹೆಸರು ಅದೇ, ಹಡಗಿನ ಮೇಲೆ ಬರೆದ ಆರ್11 ಎಂಬ ನಂಬರೂ ಅದೇ. ಋಗ್ವೇದದಿಂದ ತೆಗೆದುಕೊಂಡ ‘ಜಯೇಮ ಸಂ ಯುಧಿ ಸ್ಪೃಧಃ’ ಎಂಬ ಧ್ಯೇಯವಾಕ್ಯವೂ ಅದೇ. ಇಷ್ಟೆಲ್ಲ ಉಳಿಸಿಕೊಂಡದ್ದು ಆಕಸ್ಮಿಕವಲ್ಲ. ಹೊಸ ಹಡಗಿಗೆ ಹತ್ತುವ ಯುವ ನಾವಿಕರಿಗೆ ‘ನೀವು ಹಳಬರ ಮುಂದುವರಿಕೆ’ ಅಂತ ಹೇಳುವ ದಾರಿ ಇದು.

ಮೈಸೂರು ವಿಷಯವೂ ಹೀಗೆಯೇ. ಮೊದಲ ಐಎನ್‌ಎಸ್ ಮೈಸೂರು ಬ್ರಿಟಿಷ್ ಕ್ರೂಸರ್ ‘ನೈಜೀರಿಯಾ’. ಎರಡನೇ ಮಹಾಯುದ್ಧವನ್ನು ಆ ಹೆಸರಿನಲ್ಲೇ ಹೋರಾಡಿ, 1957ರಲ್ಲಿ ಭಾರತದ ನೌಕಾಪಡೆಗೆ ಬಂತು. 1961ರಲ್ಲಿ ಗೋವಾ ವಿಮೋಚನೆಯ ಸಮಯ ಕಾರವಾರದ ಎದುರಿನ ಅಂಜದೀವ ದ್ವೀಪವನ್ನು ವಶಪಡಿಸಿಕೊಂಡ ಕಾರ್ಯಾಚರಣೆಯಲ್ಲಿ ಇದ್ದದ್ದು ಈ ಮೈಸೂರು, ಜೊತೆಗೆ ತ್ರಿಶೂಲ್. 1971ರಲ್ಲಿ ಪಶ್ಚಿಮ ನೌಕಾ ತುಕಡಿಯ ಮುಖ್ಯ ಹಡಗೂ ಇದೇ ಆಗಿತ್ತು. 1985ರಲ್ಲಿ ನಿವೃತ್ತಿ. ನಂತರ ಹದಿನಾಲ್ಕು ವರ್ಷ ಭಾರತದ ನೌಕಾಪಡೆಯಲ್ಲಿ ಮೈಸೂರು ಎಂಬ ಹಡಗು ಇರಲಿಲ್ಲ. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಕ್ಷಿಪಣಿ ಡಿಸ್ಟ್ರಾಯರ್ ಆ ಹೆಸರು ಹೊತ್ತು 1999ರಲ್ಲಿ ಸೇವೆಗೆ ಸೇರಿತು. ಹಳೆಯದರ ನಂಬರ್ ಸಿ60, ಹೊಸದರದ್ದು ಡಿ60. ಹೊಸ ಹಡಗಿನ ಲಾಂಛನದಲ್ಲಿ ಗಂಡಭೇರುಂಡ ಇದೆ. ಹಾಗಾಗಿ ನೀವು ಓದಿದ ಎರಡೂ ಸರಿ. 1985ಕ್ಕೆ ಮುಂಚಿನದಾದರೆ ಕ್ರೂಸರ್, 1999ರ ನಂತರದ್ದಾದರೆ ಡಿಸ್ಟ್ರಾಯರ್.

ಇನ್ನೊಂದು ಉದಾಹರಣೆ ಕೊಡಲೇಬೇಕು. ಎರಡೂ ಎಳೆಗಳು ಒಟ್ಟಿಗೆ ಕಾಣುವುದು ಅದರಲ್ಲಿ. 1939ರ ಡಿಸೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ಜರ್ಮನಿಯ ಗ್ರಾಫ್ ಸ್ಪೀ ಹಡಗನ್ನು ಮೂರು ಕ್ರೂಸರ್‌ಗಳು ಎದುರಿಸಿದವು. ಅವುಗಳಲ್ಲೊಂದು ‘ಅಕಿಲೀಸ್’. ಸಿಬ್ಬಂದಿಯಲ್ಲಿ ಹೆಚ್ಚಿನವರು ನ್ಯೂಜಿಲೆಂಡ್‌ನವರು. 1948ರಲ್ಲಿ ಅದೇ ಹಡಗು ಭಾರತಕ್ಕೆ ಬಂದು ‘ದೆಹಲಿ’ ಆಯಿತು. ಆ ಕದನದ ಮೇಲೆ 1956ರಲ್ಲಿ ಬ್ರಿಟಿಷರು ಸಿನಿಮಾ ತೆಗೆದಾಗ ಐಎನ್‌ಎಸ್ ದೆಹಲಿ ಅದರಲ್ಲಿ ಅಕಿಲೀಸ್ ಆಗಿ, ಅಂದರೆ ತನ್ನದೇ ಪಾತ್ರದಲ್ಲಿ ಕಾಣಿಸಿಕೊಂಡಿತು. 1978ರಲ್ಲಿ ಆ ಹಡಗು ನಿವೃತ್ತಿಯಾಯಿತು. ಆಮೇಲೆ ಎರಡು ಹೆಸರುಗಳೂ ಬೇರೆ ಬೇರೆ ದಾರಿ ಹಿಡಿದವು. ದೆಹಲಿ ಎಂಬ ಹೆಸರು 1997ರಲ್ಲಿ ಹೊಸ ಡಿಸ್ಟ್ರಾಯರ್‌ಗೆ ಬಂತು. ಇತ್ತ ಬ್ರಿಟನ್ ‘ಅಜಿನ್‌ಕೋರ್ಟ್’ ಅಂತ ಹೆಸರಿಡಬೇಕೆಂದಿದ್ದ ಪರಮಾಣು ಸಬ್‌ಮರೀನ್‌ಗೆ ಅಕಿಲೀಸ್ ಅಂತ ಇಡುವುದಾಗಿ 2025ರಲ್ಲಿ ಹೇಳಿತು. ಒಂದೇ ಹಡಗಿನ ಎರಡು ಹೆಸರುಗಳು ಇವತ್ತು ಎರಡು ದೇಶಗಳಲ್ಲಿ, ಎರಡು ಬಗೆಯ ನೌಕೆಗಳ ಮೇಲಿವೆ!

ಗೊಂದಲ ಅತಿ ಹೆಚ್ಚು ಆಗುವುದು 1971ರ ಡಿಸೆಂಬರ್ ಬಗ್ಗೆ ಓದುವಾಗ. ಆಗಿನ ಪ್ರಮುಖ ಹೆಸರುಗಳೆಲ್ಲ ಮತ್ತೆ ಬಂದಿವೆ. ವಿಕ್ರಾಂತ್ ಹುಡುಕಿಕೊಂಡು ಪಾಕಿಸ್ತಾನದ ‘ಘಾಜಿ’ ಸಬ್‌ಮರೀನ್ ವಿಶಾಖಪಟ್ಟಣದವರೆಗೆ ಬಂತು. ಡಿಸೆಂಬರ್ 3ರ ರಾತ್ರಿ ಕಳೆದು 4 ಬರುವ ಹೊತ್ತಿಗೆ ಅದು ಅಲ್ಲೇ ಮುಳುಗಿತು. ಐಎನ್‌ಎಸ್ ರಜಪೂತ್ ಹಾಕಿದ ಡೆಪ್ತ್ ಚಾರ್ಜ್‌ಗಳಿಂದ, ಅಂದರೆ ನೀರಿನಡಿ ಸಿಡಿಯುವ ಬಾಂಬ್‌ಗಳಿಂದ ಮುಳುಗಿತು ಅನ್ನುವುದು ಭಾರತದ ನಿಲುವು. ಒಳಗೇ ಸ್ಫೋಟವಾಯಿತು, ಇಲ್ಲವೇ ತಾನೇ ಹಾಕಿದ ಮೈನ್‌ಗೆ ಸಿಕ್ಕಿತು ಅನ್ನುವುದು ಪಾಕಿಸ್ತಾನದ ಕಡೆಯ ಮಾತು. ಆ ವಾದ ಒಂದು ಕಡೆ ಇರಲಿ, ಹೆಸರುಗಳನ್ನು ನೋಡಿ. ಮುಳುಗಿದ ಘಾಜಿ ಮೂಲತಃ ಅಮೆರಿಕದ ‘ಡಯಾಬ್ಲೊ’. ನಾಲ್ಕು ವರ್ಷದ ನಂತರ ಪಾಕಿಸ್ತಾನ ಪೋರ್ಚುಗಲ್‌ನಿಂದ ಒಂದು ಸಬ್‌ಮರೀನ್ ಕೊಂಡು ಅದಕ್ಕೆ ಮತ್ತೆ ಘಾಜಿ ಅಂತಲೇ ಹೆಸರಿಟ್ಟಿತು. ಆ ರಾತ್ರಿ ಅಲ್ಲಿದ್ದ ರಜಪೂತ್ ಕೂಡ ‘ರೊದರಮ್’ ಎಂಬ ಹಳೇ ಬ್ರಿಟಿಷ್ ಡಿಸ್ಟ್ರಾಯರ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಹೊಸ ರಜಪೂತ್ ಬಂದದ್ದು 1980ರಲ್ಲಿ. 2021ರವರೆಗೂ ಅದು ಸೇವೆಯಲ್ಲಿತ್ತು. ಘಾಜಿಯ ಕಥೆಯ ಜೊತೆ ಡಿ51 ಅಂತ ನಂಬರ್ ಇರುವ, ಕ್ಷಿಪಣಿ ಹೊತ್ತ ರಜಪೂತ್‌ನ ಫೋಟೊ ಕಂಡರೆ ಅದು ತಪ್ಪು ಫೋಟೊ. ಆ ಹಡಗು 1971ರಲ್ಲಿ ಇರಲೇ ಇಲ್ಲ.

ಅರಬ್ಬೀ ಸಮುದ್ರದ ಕಡೆ ಅದೇ ಯುದ್ಧದಲ್ಲಿ ನಡೆದದ್ದು ನನಗೆ ಇಡೀ ವಿಷಯದಲ್ಲೇ ಮನಸ್ಸಿಗೆ ಹತ್ತಿರವಾದ ಭಾಗ. ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಪಾಕಿಸ್ತಾನದ ‘ಹಂಗೋರ್’ ಸಬ್‌ಮರೀನ್ ಟಾರ್ಪಿಡೊ ಹೊಡೆದು ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಸ್ವತಂತ್ರ ಭಾರತದ ನೌಕಾಪಡೆ ಯುದ್ಧದಲ್ಲಿ ಕಳೆದುಕೊಂಡ ಮೊದಲ ಯುದ್ಧನೌಕೆ ಅದು. ಇಂಥ ಹೆಸರನ್ನು ಮತ್ತೆ ಇಡುವುದು ಸುಲಭದ ತೀರ್ಮಾನವಲ್ಲ. ಕೇಳಿದ ಪ್ರತಿಯೊಬ್ಬರಿಗೂ ಆ ರಾತ್ರಿಯೇ ನೆನಪಾಗುತ್ತದೆ ಅಲ್ವಾ? ಆದರೂ ಇಟ್ಟರು. ಮುಂಬೈನಲ್ಲಿ ಕಟ್ಟಿದ ಹೊಸ ಕಾರ್ವೆಟ್ (ಸಣ್ಣ ಯುದ್ಧನೌಕೆ) 1989ರ ಆಗಸ್ಟ್ 23ರಂದು ಖುಕ್ರಿ ಎಂಬ ಹೆಸರಿನಲ್ಲೇ ಸೇವೆಗೆ ಸೇರಿತು. ಆಗಿನ ರಕ್ಷಣಾ ಸಚಿವ ಕೆ.ಸಿ. ಪಂತ್ ಅವರ ಜೊತೆ ಆ ಸಮಾರಂಭ ನಡೆಸಿಕೊಟ್ಟವರು ಕ್ಯಾಪ್ಟನ್ ಮುಲ್ಲಾ ಅವರ ಪತ್ನಿ ಸುಧಾ ಮುಲ್ಲಾ. ಹೆಸರು ಯಾಕೆ ಮರಳಿ ಇಡುತ್ತಾರೆ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಒಂದೇ ಘಟನೆ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ. ಆ ಎರಡನೇ ಖುಕ್ರಿ ಮೂವತ್ತಕ್ಕೂ ಜಾಸ್ತಿ ವರ್ಷ ದುಡಿದು 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯಿತು. ಮೊದಲ ಖುಕ್ರಿಯ ಸ್ಮಾರಕ ಇರುವ ದಿಯುಗೇ ಅದನ್ನು ಕೊಟ್ಟರು.

ಎದುರು ಕಡೆಯವರೂ ಇದನ್ನೇ ಮಾಡಿದ್ದಾರೆ. ಖುಕ್ರಿಯನ್ನು ಮುಳುಗಿಸಿದ ಹಂಗೋರ್ ಈಗ ಕರಾಚಿಯ ಮ್ಯೂಸಿಯಂನಲ್ಲಿದೆ. ಚೀನಾದ ಜೊತೆ ಸೇರಿ ಪಾಕಿಸ್ತಾನ ಕಟ್ಟಿಸುತ್ತಿರುವ ಹೊಸ ಸಬ್‌ಮರೀನ್‌ಗಳ ಸಾಲಿಗೇ ಹಂಗೋರ್ ಅಂತ ಹೆಸರು.

ಇನ್ನು ಹೆಸರನ್ನು ಯಾರು ಆರಿಸುತ್ತಾರೆ? ಭಾರತದಲ್ಲಿ ಇದಕ್ಕೆಂದೇ ಒಂದು ಸಮಿತಿ ಇದೆ. ಹಡಗಿನ ಬಗೆಗೆ ತಕ್ಕಂತೆ ಹೆಸರಿನ ಬಗೆಯೂ ಇರುತ್ತದೆ. ಡಿಸ್ಟ್ರಾಯರ್‌ಗಳಿಗೆ ದೊಡ್ಡ ನಗರಗಳು, ಯೋಧರು. ಫ್ರಿಗೇಟ್‌ಗಳಿಗೆ ಬೆಟ್ಟ, ನದಿ, ಆಯುಧಗಳು. ಕಾರ್ವೆಟ್‌ಗಳಿಗೆ ಖುಕ್ರಿ, ಕಿರ್ಪಾನ್ ಥರದ ಕೈಯಲ್ಲಿ ಹಿಡಿಯುವ ಆಯುಧಗಳು. ಸಬ್‌ಮರೀನ್‌ಗಳಿಗೆ ಬೇಟೆಯಾಡುವ ಮೀನುಗಳು. ಇಷ್ಟು ಚೌಕಟ್ಟಿನೊಳಗೆ ಒಳ್ಳೆಯ ಹೆಸರುಗಳು ಎಷ್ಟೋ ಸಿಗಬಹುದು, ಹೆಸರಿಗೆ ಬರವೇನೂ ಇಲ್ಲ. ಹಳೆಯದನ್ನೇ ಆರಿಸುವುದು ಬೇಕೆಂದೇ. ಮೊದಲ ತಲೆಮಾರಿನ ಸಬ್‌ಮರೀನ್‌ಗಳಾದ ಕಲ್ವರಿ, ಖಂಡೇರಿ, ಕರಂಜ್, ವೇಲಾ, ವಾಗಿರ್, ವಾಗ್ಶೀರ್ ಎಂಬ ಆರು ಹೆಸರುಗಳನ್ನು 2017ರಿಂದ 2025ರ ನಡುವೆ ಸೇರಿದ ಆರು ಹೊಸ ಸಬ್‌ಮರೀನ್‌ಗಳಿಗೆ ಕೊಟ್ಟರು. ಒಂದೂ ಹೊಸ ಹೆಸರಿಲ್ಲ. ನೀಲಗಿರಿ ಕೂಡ ಹಾಗೆ. 1972ರಲ್ಲಿ ಸೇರಿದ ನೀಲಗಿರಿ ಭಾರತದಲ್ಲಿ ಕಟ್ಟಿದ ಮೊದಲ ದೊಡ್ಡ ಫ್ರಿಗೇಟ್. 2025ರ ಜನವರಿಯಲ್ಲಿ ಸೇರಿದ ನೀಲಗಿರಿ ಹೊಸ ಪೀಳಿಗೆಯ ಫ್ರಿಗೇಟ್‌ಗಳಲ್ಲಿ ಮೊದಲನೆಯದು.

ಒಂದು ನಿಯಮ ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಒಂದು ನೌಕಾಪಡೆಯಲ್ಲಿ ಒಂದು ಹೆಸರಿಗೆ ಒಂದೇ ಹಡಗು. ಹಳೆಯದು ಸೇವೆಯಲ್ಲಿರುವಾಗ ಹೊಸದಕ್ಕೆ ಆ ಹೆಸರು ಬೇಕಾದರೆ ಹಳೆಯದರ ಹೆಸರು ಬದಲಾಗಬೇಕು. ಬ್ರಿಟನ್‌ನ ‘ಆರ್ಕ್ ರಾಯಲ್’ ಹೆಸರಿಗೆ ಹೀಗಾಯಿತು. ಆ ಹೆಸರಿನ ಮೊದಲ ಹಡಗು 1588ರಲ್ಲಿ ಸ್ಪೇನಿನ ಆರ್ಮಡಾ ಎಂಬ ನೌಕಾದಂಡನ್ನು ಎದುರಿಸಿದ್ದು. 1914ರಲ್ಲಿ ಸಮುದ್ರವಿಮಾನಗಳನ್ನು ಹೊರುವ ಹಡಗೊಂದಕ್ಕೆ ಅದೇ ಹೆಸರು ಬಂತು. ಹೊಸ ವಿಮಾನವಾಹಕ ಹಡಗಿಗೆ ಹೆಸರು ಬೇಕಾದಾಗ, 1934ರಲ್ಲಿ ಆ ಹಡಗನ್ನು ‘ಪೆಗಾಸಸ್’ ಮಾಡಿಬಿಟ್ಟರು. ಅಮೆರಿಕದಲ್ಲಿ ಇನ್ನೂ ವಿಚಿತ್ರ ನಡೆಯಿತು. 1797ರ ‘ಕಾನ್‌ಸ್ಟಿಟ್ಯೂಷನ್’ ಅವರ ಅತ್ಯಂತ ಪ್ರೀತಿಯ ಹಡಗು, ಇವತ್ತಿಗೂ ಸೇವೆಯ ಪಟ್ಟಿಯಲ್ಲಿದೆ. 1917ರಲ್ಲಿ ಹೊಸ ಬ್ಯಾಟಲ್‌ಕ್ರೂಸರ್‌ಗೆ ಆ ಹೆಸರು ಕೊಡಲು ಅದನ್ನು ‘ಓಲ್ಡ್ ಕಾನ್‌ಸ್ಟಿಟ್ಯೂಷನ್’ ಅಂತ ಬದಲಿಸಿದರು. ಹೊಸ ಹಡಗಿನ ಯೋಜನೆಯೇ ರದ್ದಾಯಿತು. 1925ರಲ್ಲಿ ಹಳೆಯದಕ್ಕೆ ಅದರ ಹೆಸರು ವಾಪಸ್ ಬಂತು. ಬ್ರಿಟನ್‌ನ ‘ವಿಕ್ಟರಿ’ಯೂ ಹೀಗೇ ಸೇವೆಯ ಪಟ್ಟಿಯಲ್ಲೇ ಇರುವುದರಿಂದ ಆ ಹೆಸರಿನ ಹೊಸ ಹಡಗು ಬಂದಿಲ್ಲ.

ಬ್ರಿಟಿಷರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಹಡಗು ಹೋರಾಡಿದ ಕದನದ ಹೆಸರನ್ನು ಫಲಕದಲ್ಲಿ ಬರೆಯುವ ‘ಯುದ್ಧದ ಗೌರವ’ ಸೇರುವುದು ಆ ಒಂದು ಹಡಗಿನ ಲೆಕ್ಕಕ್ಕಲ್ಲ, ಹೆಸರಿನ ಲೆಕ್ಕಕ್ಕೆ. 1985ರಲ್ಲಿ ಸೇರಿದ ಕೊನೆಯ ಆರ್ಕ್ ರಾಯಲ್‌ನ ಫಲಕದಲ್ಲೂ ‘ಆರ್ಮಡಾ 1588’ ಇತ್ತು. ನಡುವೆ ಸುಮಾರು ನಾನೂರು ವರ್ಷ.

ಯುದ್ಧ ನಡೆಯುತ್ತಿರುವಾಗಲೇ ಹೆಸರು ಮರಳಿ ಬಂದರೆ ಅದರ ಬಿಸಿಯೇ ಬೇರೆ. 1942ರಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕ ನಾಲ್ಕು ದೊಡ್ಡ ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು. ಲೆಕ್ಸಿಂಗ್ಟನ್, ಯಾರ್ಕ್‌ಟೌನ್, ವಾಸ್ಪ್, ಹಾರ್ನೆಟ್. ಆ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ‘ಕ್ಯಾಬಟ್’ ಎಂಬ ಹೊಸ ಹಡಗು ತಯಾರಾಗುತ್ತಿತ್ತು. ಹಳೇ ಲೆಕ್ಸಿಂಗ್ಟನ್ ಕಟ್ಟಿದ್ದೂ ಅದೇ ಯಾರ್ಡ್‌ನಲ್ಲಿ. ಇದಕ್ಕೆ ಲೆಕ್ಸಿಂಗ್ಟನ್ ಅಂತಲೇ ಹೆಸರಿಡಿ ಅಂತ ಅಲ್ಲಿನ ಕೆಲಸಗಾರರೇ ನೌಕಾ ಕಾರ್ಯದರ್ಶಿಯನ್ನು ಕೇಳಿದರು. ಅವರು ಒಪ್ಪಿದರು. ಉಳಿದ ಮೂರೂ ಹೆಸರುಗಳನ್ನು ಹೀಗೇ ಬೇರೆ ಹೆಸರಿನಲ್ಲಿ ಕಟ್ಟುತ್ತಿದ್ದ ಹಡಗುಗಳಿಗೆ ಕೊಟ್ಟರು. ಮುಳುಗಿ ಒಂದು ವರ್ಷ ತುಂಬುವ ಮೊದಲೇ ಹೊಸ ಲೆಕ್ಸಿಂಗ್ಟನ್, ಹೊಸ ಯಾರ್ಕ್‌ಟೌನ್ ಸೇವೆಗೆ ಬಂದವು. ಹೊಸ ಲೆಕ್ಸಿಂಗ್ಟನ್ ಮುಳುಗಿತು ಅಂತ ಜಪಾನಿನ ರೇಡಿಯೊ ಹಲವು ಸಲ ಸಾರಿತು. ಅದು ಮಾತ್ರ ಮುಳುಗಲಿಲ್ಲ. ‘ನೀಲಿ ಭೂತ’ ಎಂಬ ಅಡ್ಡಹೆಸರು ಬಂತು.

ಇಲ್ಲಿಯೂ ನಿಮ್ಮದೇ ಥರದ ಗೊಂದಲ ಆಗುತ್ತದೆ. 1942ರ ಏಪ್ರಿಲ್‌ನಲ್ಲಿ ಟೋಕಿಯೊ ಮೇಲೆ ಡೂಲಿಟಲ್ ದಾಳಿಯ ವಿಮಾನಗಳು ಹಾರಿದ್ದು ಹಾರ್ನೆಟ್‌ನಿಂದ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಯಾತ್ರಿಗಳನ್ನು ಸಮುದ್ರದಿಂದ ಕರೆತಂದದ್ದೂ ಹಾರ್ನೆಟ್. ಮೊದಲನೆಯದು ಸಿವಿ-8, ಅದು 1942ರ ಅಕ್ಟೋಬರ್‌ನಲ್ಲೇ ಮುಳುಗಿದೆ. ಎರಡನೆಯದು ಸಿವಿ-12, ಕ್ಯಾಲಿಫೋರ್ನಿಯಾದಲ್ಲಿ ಮ್ಯೂಸಿಯಂ ಆಗಿದೆ. ಅಮೆರಿಕದ ಹಡಗುಗಳ ಬಗ್ಗೆ ಓದುವಾಗ ಈ ನಂಬರೇ ಎಲ್ಲಕ್ಕಿಂತ ಗಟ್ಟಿ ಗುರುತು.

ಜನ ಈ ಹೆಸರುಗಳನ್ನು ಎಷ್ಟು ಹಚ್ಚಿಕೊಂಡಿರುತ್ತಾರೆ ಅನ್ನುವುದಕ್ಕೆ ಹ್ಯೂಸ್ಟನ್ ನಗರವನ್ನು ನೋಡಬೇಕು. ಆ ಊರಿನ ಹೆಸರಿನ ಕ್ರೂಸರ್ 1942ರ ಮಾರ್ಚ್ 1ರಂದು ಸುಂದಾ ಜಲಸಂಧಿಯಲ್ಲಿ ಮುಳುಗಿತು. ಕಳೆದುಹೋದ ಸಿಬ್ಬಂದಿಯ ಜಾಗ ತುಂಬಲು ಅದೇ ಊರಿನ ಸಾವಿರ ಯುವಕರು ಒಟ್ಟಿಗೆ ನೌಕಾಪಡೆಗೆ ಸೇರಿದರು. ಹೊಸ ಹಡಗಿಗೆ ಹಣ ಎತ್ತಲು ಜನ 8.5 ಕೋಟಿ ಡಾಲರ್‌ಗಿಂತ ಹೆಚ್ಚು ಬೆಲೆಯ ಯುದ್ಧ ಬಾಂಡ್ ಕೊಂಡರು. ‘ವಿಕ್ಸ್‌ಬರ್ಗ್’ ಆಗಬೇಕಿದ್ದ ಕ್ರೂಸರ್ ‘ಹ್ಯೂಸ್ಟನ್’ ಆಯಿತು.

ಹೆಸರು ದೇಶದ ಗಡಿಯನ್ನೂ ದಾಟುತ್ತದೆ. 1942ರ ಆಗಸ್ಟ್‌ನಲ್ಲಿ ಅಮೆರಿಕದ ಹಡಗುಗಳ ಜೊತೆ ಹೋರಾಡುತ್ತಾ ಆಸ್ಟ್ರೇಲಿಯಾದ ‘ಕ್ಯಾನ್‌ಬೆರಾ’ ನಾಶವಾಯಿತು. ಅದರ ಗೌರವಕ್ಕೆ ಅಮೆರಿಕ ತನ್ನದೇ ಕ್ರೂಸರ್ ಒಂದಕ್ಕೆ ಕ್ಯಾನ್‌ಬೆರಾ ಅಂತ ಹೆಸರಿಟ್ಟಿತು. ಪರದೇಶದ ರಾಜಧಾನಿಯ ಹೆಸರು ಅಮೆರಿಕದ ಯುದ್ಧನೌಕೆಗೆ! 2023ರ ಜುಲೈನಲ್ಲಿ ಅಮೆರಿಕದ ಇನ್ನೊಂದು ಕ್ಯಾನ್‌ಬೆರಾ ಸಿಡ್ನಿಯಲ್ಲೇ ಸೇವೆಗೆ ಸೇರಿತು. ಆಸ್ಟ್ರೇಲಿಯಾದ ಬಳಿಯೂ ಈಗ ಒಂದು ಕ್ಯಾನ್‌ಬೆರಾ ಇದೆ. ಎರಡೂ ಸೇವೆಯಲ್ಲಿವೆ. ಇಂಥಲ್ಲಿ ಹೆಸರಿನ ಮುಂದಿನ ಯುಎಸ್‌ಎಸ್, ಎಚ್‌ಎಂಎಎಸ್ ನೋಡದೆ ಬೇರೆ ದಾರಿಯಿಲ್ಲ.

1914ರಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ ‘ಎಮ್ಡೆನ್’ ನಿಮಗೆ ಗೊತ್ತಿರಬಹುದು. ಅದೇ ವರ್ಷ ನವೆಂಬರ್‌ನಲ್ಲಿ ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ‘ಸಿಡ್ನಿ’ ಅದನ್ನು ಮುಗಿಸಿತು. ಜರ್ಮನಿ ಎಮ್ಡೆನ್ ಹೆಸರನ್ನು ಬಿಡಲಿಲ್ಲ. 1925ರಲ್ಲಿ ಒಂದು ಕ್ರೂಸರ್‌ಗೆ ಇಟ್ಟಿತು. ಎರಡನೇ ಮಹಾಯುದ್ಧದ ನಂತರವೂ ಒಂದರ ಹಿಂದೆ ಒಂದು ಹಡಗಿಗೆ ಇಟ್ಟಿದೆ. ಹಳೇ ಹಡಗಿನ ನಾಮಫಲಕವನ್ನು ಆಸ್ಟ್ರೇಲಿಯಾ 1933ರಲ್ಲಿ ಜರ್ಮನಿಗೆ ಮರಳಿಸಿತು. ಮೊದಲ ಎಮ್ಡೆನ್‌ನ ಸಿಬ್ಬಂದಿಗೆ ತಮ್ಮ ಮನೆತನದ ಹೆಸರಿಗೆ ‘ಎಮ್ಡೆನ್’ ಸೇರಿಸಿಕೊಳ್ಳುವ ಹಕ್ಕೂ ಸಿಕ್ಕಿತ್ತು. ಗೆದ್ದ ಸಿಡ್ನಿಯ ಹೆಸರಿಗೂ ದುಃಖ ತಪ್ಪಲಿಲ್ಲ. ಎರಡನೇ ಸಿಡ್ನಿ 1941ರ ನವೆಂಬರ್‌ನಲ್ಲಿ ಜರ್ಮನಿಯ ಕೊರ್ಮೊರಾನ್ ಜೊತೆಗಿನ ಕಾದಾಟದಲ್ಲಿ ಮುಳುಗಿತು. ಹಡಗಿನಲ್ಲಿದ್ದ 645 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಅವಶೇಷ ಸಿಕ್ಕಿದ್ದು 2008ರಲ್ಲಿ. ಆ ನಡುವೆ ಇನ್ನೆರಡು ಸಿಡ್ನಿಗಳು ಬಂದಿದ್ದವು. ಈಗಿನದು ಐದನೆಯದು.

ಎಲ್ಲ ಹೆಸರುಗಳೂ ಮರಳುವುದಿಲ್ಲ ಅನ್ನುವುದನ್ನೂ ಹೇಳಬೇಕು. 1941ರ ಮೇ 24ರಂದು ಬ್ರಿಟನ್‌ನ ‘ಹುಡ್’ ಮುಳುಗಿದಾಗ 1,415 ಮಂದಿ ಸತ್ತರು, ಉಳಿದವರು ಮೂವರೇ. ಅಲ್ಲಿಂದ ಇಲ್ಲಿಯವರೆಗೆ ಇನ್ನೊಂದು ಹುಡ್ ಬಂದಿಲ್ಲ. ಹೆಸರಿನ ಭಯವೂ ಇರುತ್ತದೆ. ದೇಶದ ಹೆಸರು ಹೊತ್ತ ಹಡಗು ಮುಳುಗಿದರೆ ಜನರ ಧೈರ್ಯ ಕುಸಿದೀತು ಅಂತ ಹಿಟ್ಲರ್ ಸರ್ಕಾರ ‘ಡಾಯ್ಚ್‌ಲಾಂಡ್’ ಹಡಗನ್ನು ‘ಲ್ಯುಟ್ಸೊ’ ಅಂತ ಬದಲಿಸಿತು. ಲ್ಯುಟ್ಸೊ ಕೂಡ ಹಳೇ ಹೆಸರೇ, 1916ರ ಜಟ್‌ಲೆಂಡ್ ಕದನದಲ್ಲಿ ಹೋದ ಹಡಗಿನದು.

ಗುರುತು ಹಿಡಿಯುವ ಪ್ರಶ್ನೆಗೆ ಬರೋಣ. ಮೊದಲು ಇಸವಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಬಗೆಹರಿಯುತ್ತದೆ. ಇಸವಿ ಇಲ್ಲದಿದ್ದರೆ ಹಡಗಿನ ಬಗೆ ನೋಡಿ: ಕ್ರೂಸರ್ ಅಂದಿದ್ದರೆ ಭಾರತದ ಮಟ್ಟಿಗೆ ಅದು ಹಳೇ ಮೈಸೂರು ಇಲ್ಲವೇ ಹಳೇ ದೆಹಲಿ, ಯಾಕೆಂದರೆ ನಮ್ಮಲ್ಲಿದ್ದ ಕ್ರೂಸರ್‌ಗಳು ಅವೆರಡೇ. ಫೋಟೊ ಇದ್ದರೆ ಪಕ್ಕದಲ್ಲಿ ಬರೆದ ನಂಬರ್ ಓದಿ. ವಿಕ್ರಾಂತ್‌ಗೆ ಮಾತ್ರ ನಂಬರ್‌ನಿಂದ ಉಪಯೋಗವಿಲ್ಲ, ಎರಡಕ್ಕೂ ಆರ್11. ಅಲ್ಲಿ ಡೆಕ್ ಮೇಲಿನ ವಿಮಾನ ನೋಡಿ. ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್ ಇದ್ದರೆ ಹಳೆಯದು. ಮಿಗ್-29ಕೆ ಇದ್ದರೆ ಹೊಸದು. ಡೆಕ್‌ನ ಮುಂಭಾಗ ಮೇಲಕ್ಕೆ ಬಾಗಿರುವುದನ್ನು ನಂಬಬೇಡಿ, ಹಳೆಯದಕ್ಕೂ ಸೀ ಹ್ಯಾರಿಯರ್‌ಗಳಿಗಾಗಿ ಆಮೇಲೆ ಅದನ್ನು ಸೇರಿಸಿದ್ದರು.

ಐಎನ್‌ಎಸ್ ಅಂತ ಇದ್ದ ಮಾತ್ರಕ್ಕೆ ಹಡಗು ಅಂತಲೂ ಅಲ್ಲ. ದಡದ ಮೇಲಿನ ನೆಲೆಗಳಿಗೂ ಅದೇ ಮೂರಕ್ಷರ ಬರುತ್ತದೆ. ಕಾರವಾರದ ಐಎನ್‌ಎಸ್ ಕದಂಬ ಒಂದು ನೌಕಾನೆಲೆ.

ಕೊನೆಯದಾಗಿ ‘ಚಕ್ರ’ದ ಬಗ್ಗೆ ಹುಷಾರಾಗಿರಿ. ಭಾರತ ಎರಡು ಸಲ ಪರಮಾಣು ಸಬ್‌ಮರೀನ್ ಗುತ್ತಿಗೆಗೆ ತಂದು ಎರಡಕ್ಕೂ ಚಕ್ರ ಅಂತಲೇ ಹೆಸರಿಟ್ಟಿತು. ಮೊದಲನೆಯದು ಸೋವಿಯತ್ ಒಕ್ಕೂಟದಿಂದ, 1988ರಿಂದ 1991ರವರೆಗೆ. ಎರಡನೆಯದು ರಷ್ಯಾದ ‘ನೆರ್ಪಾ’, 2012ರಿಂದ 2021ರವರೆಗೆ. ಎರಡೂ ವಾಪಸ್ ಹೋಗಿವೆ. ಇಸವಿ ಹೇಳದೆ ಚಕ್ರ ಅಂತ ಮಾತ್ರ ಬರೆದ ಲೇಖನ ಕಂಡರೆ, ಅದರಲ್ಲಿನ ವೇಗ, ಉದ್ದ, ಆಯುಧಗಳ ವಿವರ ಯಾವ ಚಕ್ರದ್ದು ಅಂತ ಇನ್ನೊಂದು ಕಡೆ ನೋಡಿಕೊಂಡೇ ಮುಂದೆ ಓದಿ.